ಬೆಂಗಳೂರಿನಿಂದ ಟೋಕಿಯೊಗೆ: ದೂರ ಒಂದೇ, ಗಂಟೆ ಹಲವು

"ಟೋಕಿಯೊ ಎಷ್ಟು ದೂರ ಸಾರ್, ಎಷ್ಟು ಗಂಟೆ ಆಗುತ್ತೆ?" ಟಿಕೆಟ್ ಮಾಡಿಸಲು ಬಂದವರು ಕುರ್ಚಿ ಎಳೆದುಕೊಳ್ಳುತ್ತಲೇ ಕೇಳುವ ಮಾತು ಇದು. ಬೆಂಗಳೂರಿನಲ್ಲಿ ಟ್ರಾವೆಲ್ ಏಜೆಂಟನಾಗಿರುವ ನನ್ನ ಗಿರಾಕಿಗಳಲ್ಲಿ ಜಪಾನಿಗೆ ಹೊರಟವರೇ ಹೆಚ್ಚು. ಬಿಡದಿಯ ಕಾರು ಕಾರ್ಖಾನೆಯ ಎಂಜಿನಿಯರುಗಳು, ಸಾಫ್ಟ್‌ವೇರ್‌ನವರು, ಮಗಳ ಬಾಣಂತನಕ್ಕೆ ಹೊರಟ ತಾಯಂದಿರು, ಈಚೆಗೆ ಚೆರ್ರಿ ಹೂವು ನೋಡಲು ಹೊರಡುವ ಕುಟುಂಬಗಳು. ದೂರದ ಪ್ರಶ್ನೆಗೆ ಉತ್ತರ ಸುಲಭ: ಸುಮಾರು 6,700 ಕಿ.ಮೀ. ಗಂಟೆಯ ಪ್ರಶ್ನೆಗೆ ಮಾತ್ರ ಉತ್ತರ ಹಲವು. ನೇರ ವಿಮಾನದಲ್ಲಿ ಹೋಗುವಾಗ ಎಂಟು, ಬರುವಾಗ ಹತ್ತು, ಮನೆಯ ಬಾಗಿಲಿನಿಂದ ಹೋಟೆಲಿನ ಬಾಗಿಲಿಗೆ ಹದಿನೈದರ ಮೇಲೆ, ದಾರಿಯನ್ನು ಯೋಚಿಸದೆ ಆರಿಸಿದರೆ ಇಪ್ಪತ್ತೈದು. ಎಲ್ಲವೂ ನಿಜವೇ. ಯಾವುದು ಯಾರಿಗೆ ಬೇಕು ಎಂಬುದನ್ನು ಬಿಡಿಸಿ ಹೇಳುವುದೇ ನನ್ನ ಕೆಲಸ ಎಂದುಕೊಂಡಿದ್ದೇನೆ. ಈ ದಾರಿ ನನಗೆ ಕಲಿಸಿದ ಪಾಠಗಳು ಇಲ್ಲಿವೆ. ಏಷ್ಯಾದ ಯಾವ ಎರಡು ದೂರದ ಊರುಗಳಿಗೂ ಇವು ಹೊಂದುತ್ತವೆ.

1. ಗೋಡೆಯ ನಕ್ಷೆ ಬಿಟ್ಟು ಗ್ಲೋಬ್ ನೋಡಿ

ಗೋಡೆಗೆ ತೂಗುಹಾಕಿದ ನಕ್ಷೆಯಲ್ಲಿ ಬೆಂಗಳೂರಿಗೂ ಟೋಕಿಯೊಗೂ ಸ್ಕೇಲಿಟ್ಟು ಗೆರೆ ಎಳೆದರೆ ಅದು ಮ್ಯಾನ್ಮಾರ್, ಲಾವೋಸ್, ದಕ್ಷಿಣ ಚೀನಾ ಕಡೆ ಹೋಗುತ್ತದೆ. ಗ್ಲೋಬಿನ ಮೇಲೆ ಒಂದು ದಾರವನ್ನು ಎರಡೂ ಊರಿಗೆ ಬಿಗಿಯಾಗಿ ಹಿಡಿದು ನೋಡಿ. ದಾರ ಉತ್ತರಕ್ಕೆ ಸರಿಯುತ್ತದೆ: ಆಂಧ್ರದ ಕರಾವಳಿ ದಾಟಿ, ಬಂಗಾಳ ಕೊಲ್ಲಿಯ ಮೇಲೆ ಹಾದು, ಚಿತ್ತಗಾಂಗ್ ಬಳಿ ನೆಲ ಸೇರಿ, ಮ್ಯಾನ್ಮಾರಿನ ಉತ್ತರದಿಂದ ಚೀನಾದ ಯುನ್ನಾನ್ ಪ್ರಾಂತ್ಯಕ್ಕೆ ನುಗ್ಗಿ, ವುಹಾನಿನ ಆಸುಪಾಸಿನಲ್ಲಿ ಸಾಗಿ, ಕೊರಿಯಾದ ದಕ್ಷಿಣದ ತುದಿಯನ್ನು ಸವರಿಕೊಂಡು ಜಪಾನ್ ಮುಟ್ಟುತ್ತದೆ. ದುಂಡಗಿನ ಭೂಮಿಯ ಮೇಲೆ ಅತಿ ಹತ್ತಿರದ ದಾರಿ ಇದೇ. ಅಂತರ್ಜಾಲದಲ್ಲಿ ಸಿಗುವ 6,700 ಕಿ.ಮೀ. ಈ ದಾರದ ಉದ್ದ.

ವಿಮಾನ ಈ ದಾರದ ಮೇಲೆಯೇ ಹಾರಬೇಕೆಂದಿಲ್ಲ. ಅವತ್ತಿನ ಗಾಳಿ, ಮೋಡ, ಯಾವ ದೇಶದ ಆಕಾಶದಲ್ಲಿ ಯಾವ ಮಾರ್ಗ ತೆರೆದಿದೆ, ಮೇಲೆ ಹಾರಿದ್ದಕ್ಕೆ ಆ ದೇಶ ಎಷ್ಟು ಶುಲ್ಕ ಕೇಳುತ್ತದೆ ಎಂಬುದನ್ನೆಲ್ಲ ಲೆಕ್ಕ ಹಾಕಿ ಪ್ರತಿದಿನ ಹೊಸದಾಗಿ ಮಾರ್ಗ ಹಾಕುತ್ತಾರೆ. ಆದ್ದರಿಂದ 6,700 ಎಂಬುದನ್ನು "ಇದಕ್ಕಿಂತ ಕಡಿಮೆ ಸಾಧ್ಯವಿಲ್ಲ" ಎಂಬ ಅಂಕಿಯಾಗಿ ಇಟ್ಟುಕೊಳ್ಳಿ. ನಿಮ್ಮ ವಿಮಾನ ಹಾರಿದ ದೂರ ಇದಕ್ಕಿಂತ ಸ್ವಲ್ಪ ಹೆಚ್ಚೇ ಇರುತ್ತದೆ.

2. ಅಂಕಿಯ ಪಕ್ಕದ ಅಳತೆಯನ್ನು ಓದಿ

ಇದೇ ದೂರವನ್ನು ಒಂದು ಕಡೆ 6,700, ಇನ್ನೊಂದು ಕಡೆ 4,160, ಮತ್ತೊಂದು ಕಡೆ 3,620 ಎಂದು ಬರೆದಿರುತ್ತಾರೆ. ಮೊದಲನೆಯದು ಕಿಲೋಮೀಟರ್, ಎರಡನೆಯದು ನೆಲದ ಮೈಲಿ, ಮೂರನೆಯದು ನಾಟಿಕಲ್ ಮೈಲಿ. ಒಂದು ನಾಟಿಕಲ್ ಮೈಲಿ ಎಂದರೆ 1.852 ಕಿ.ಮೀ. ಪೈಲಟ್‌ಗಳು ಮಾತಾಡುವುದು ನಾಟಿಕಲ್ ಮೈಲಿಯಲ್ಲಿ. ದೂರ ನೋಡಿ ಪಾಯಿಂಟ್ ಕೊಡುವ ವಿಮಾನ ಕಂಪನಿಗಳು ಸಾಮಾನ್ಯವಾಗಿ ಎಣಿಸುವುದು ನೆಲದ ಮೈಲಿಯಲ್ಲಿ. ಅಂಕಿಗಳು ಹೊಂದುತ್ತಿಲ್ಲ ಎಂದು ತಲೆ ಕೆಡಿಸಿಕೊಂಡು ಬರುವವರಿಗೆ ನಾನು ಹೇಳುವುದು ಇಷ್ಟೇ: ಮೊದಲು ಅಳತೆ ನೋಡಿ, ಆಮೇಲೆ ಜಗಳ.

3. ಹೋಗುವ ಗಂಟೆಯನ್ನು ಎರಡರಿಂದ ಗುಣಿಸಬೇಡಿ

"ಹೋಗೋಕೆ ಎಂಟು ಗಂಟೆ ಅಂದರೆ ಬರೋಕೂ ಎಂಟೇ ತಾನೆ?" ಅಲ್ಲ. ಬರುವಾಗ ಹತ್ತು ಗಂಟೆ. ಕಾರಣ ಗಾಳಿ. ಸುಮಾರು ಹತ್ತು ಕಿ.ಮೀ. ಎತ್ತರದಲ್ಲಿ, ವಿಮಾನಗಳು ಓಡಾಡುವ ಮಟ್ಟದಲ್ಲೇ, ಪಶ್ಚಿಮದಿಂದ ಪೂರ್ವಕ್ಕೆ ಬಿರುಸಾದ ಗಾಳಿಯ ಹರಿವೊಂದಿದೆ. ಅದರ ಹೆಸರು ಜೆಟ್ ಸ್ಟ್ರೀಮ್. ಜಗತ್ತಿನಲ್ಲಿ ಅದು ಅತ್ಯಂತ ಬಿರುಸಾಗಿರುವ ಜಾಗಗಳಲ್ಲಿ ಜಪಾನಿನ ಆಕಾಶವೂ ಒಂದು. ಚಳಿಗಾಲದಲ್ಲಿ ಅಲ್ಲಿ ಗಾಳಿಯ ವೇಗ ಗಂಟೆಗೆ 300 ಕಿ.ಮೀ. ದಾಟುವುದುಂಟು.

ಈ ಗಾಳಿಯನ್ನು ಮೊದಲು ಅಳೆದವರಲ್ಲಿ ಒಬ್ಬರು ಜಪಾನಿನವರೇ, ಹವಾಮಾನ ವಿಜ್ಞಾನಿ ವಾಸಾಬುರೊ ಓಯಿಶಿ. ಟೋಕಿಯೊದ ಈಶಾನ್ಯಕ್ಕಿರುವ ತಾತೆನೊ ವೀಕ್ಷಣಾಲಯದಿಂದ 1920ರ ದಶಕದಲ್ಲಿ ಬಲೂನುಗಳನ್ನು ಹಾರಿಬಿಟ್ಟು, ಅವು ಸಾಗುವ ವೇಗದಿಂದ ಮೇಲಿನ ಗಾಳಿಯನ್ನು ಲೆಕ್ಕ ಹಾಕಿದರು. ಜಗತ್ತಿಗೆಲ್ಲ ತಿಳಿಯಲಿ ಎಂದು 1926ರಲ್ಲಿ ವರದಿಯನ್ನು ಎಸ್ಪೆರಾಂಟೊ ಭಾಷೆಯಲ್ಲಿ ಪ್ರಕಟಿಸಿದರು. ಓದಿದವರು ಕಡಿಮೆ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಟೋಕಿಯೊದ ಮೇಲೆ ಎತ್ತರದಲ್ಲಿ ಹಾರಿದ ಅಮೆರಿಕದ ಬಿ-29 ಬಾಂಬರುಗಳಿಗೆ ಈ ಗಾಳಿಯ ಹೊಡೆತ ನೇರವಾಗಿ ತಟ್ಟಿತು.

ಲೆಕ್ಕ ಹೀಗೆ. ಈ ದಾರಿಯ ದೊಡ್ಡ ವಿಮಾನದ ವೇಗ ಗಂಟೆಗೆ ಸುಮಾರು 900 ಕಿ.ಮೀ. ಗಾಳಿಯೇ ಇಲ್ಲದಿದ್ದರೆ 6,700 ಕಿ.ಮೀ.ಗೆ 7 ಗಂಟೆ 27 ನಿಮಿಷ. ದಾರಿಯುದ್ದಕ್ಕೂ ಸರಾಸರಿ 100 ಕಿ.ಮೀ. ಗಾಳಿ ಬೆನ್ನಿಗಿದ್ದರೆ ನೆಲದ ಮೇಲಿನ ವೇಗ 1,000. ಆಗ 6 ಗಂಟೆ 42 ನಿಮಿಷ. ಅದೇ ಗಾಳಿ ಎದುರಾದರೆ ವೇಗ 800. ಆಗ 8 ಗಂಟೆ 22 ನಿಮಿಷ. ಹೋಗುವಾಗ ಉಳಿದದ್ದು 45 ನಿಮಿಷ, ಬರುವಾಗ ಕಳೆದದ್ದು 55. ಎದುರುಗಾಳಿಯಲ್ಲಿ ಹೆಚ್ಚು ಹೊತ್ತು ಇರಬೇಕಾಗುವುದರಿಂದ ಗಾಳಿ ಕೊಟ್ಟದ್ದಕ್ಕಿಂತ ಕಿತ್ತುಕೊಳ್ಳುವುದೇ ಯಾವಾಗಲೂ ಹೆಚ್ಚು.

ಅದಕ್ಕೇ ವಾಪಸ್ ಬರುವ ವಿಮಾನಗಳು ಬಿರುಗಾಳಿಯ ಪಟ್ಟಿಯನ್ನು ತಪ್ಪಿಸಲು ಬಳಸುದಾರಿ ಹಿಡಿಯುವುದುಂಟು. ದೂರ ಹೆಚ್ಚಾದರೂ ಸಮಯ ಉಳಿಯುತ್ತದೆ. ಬೇಸಿಗೆಯಲ್ಲಿ ಈ ಗಾಳಿ ಉತ್ತರಕ್ಕೆ ಸರಿದು ಸೊರಗುತ್ತದೆ. ಆಗ ಹೋಗುವ, ಬರುವ ಗಂಟೆಗಳ ಅಂತರವೂ ಕಡಿಮೆ. ಜನವರಿಯಲ್ಲಿ ವಾಪಸ್ ಬರುವವರಿಗೆ ಮುಂದಿನ ಕೆಲಸವನ್ನು ಒಂದು ಗಂಟೆ ಸಡಿಲ ಬಿಟ್ಟು ಇಟ್ಟುಕೊಳ್ಳಿ ಎನ್ನುತ್ತೇನೆ.

4. ವೇಳಾಪಟ್ಟಿಯ ಗಂಟೆಯಲ್ಲಿ ನೆಲದ ಮೇಲಿನ ಓಡಾಟವೂ ಸೇರಿದೆ

ಮೇಲಿನ ಲೆಕ್ಕದಲ್ಲಿ ಬಂದದ್ದು ಆರೂಮುಕ್ಕಾಲು, ಎಂಟೂಕಾಲು ಗಂಟೆ. ಟಿಕೆಟಿನಲ್ಲಿ ಇರುವುದು ಎಂಟು, ಹತ್ತು. ಮಿಕ್ಕದ್ದು ಎಲ್ಲಿ ಹೋಯಿತು? ವಿಮಾನ ಗೇಟಿನಿಂದ ಹಿಂದೆ ಸರಿದ ಕ್ಷಣದಿಂದ ಇನ್ನೊಂದು ಊರಿನ ಗೇಟಿಗೆ ಬಂದು ನಿಲ್ಲುವವರೆಗಿನ ಸಮಯವನ್ನು ನಮ್ಮ ಕಸುಬಿನಲ್ಲಿ ಬ್ಲಾಕ್ ಟೈಮ್ ಎನ್ನುತ್ತಾರೆ. ರನ್‌ವೇವರೆಗೆ ಉರುಳುವುದು, ಸರದಿಯಲ್ಲಿ ಕಾಯುವುದು, ನಿಧಾನವಾಗಿ ಮೇಲೇರುವುದು, ಇಳಿಯುವ ಮುನ್ನ ಸುತ್ತು ಹೊಡೆಯುವುದು ಎಲ್ಲವೂ ಅದರಲ್ಲಿ ಸೇರಿದೆ. ಇದರ ಮೇಲೆ ಕಂಪನಿಗಳು ತಡವಾಗದಿರಲಿ ಎಂದು ಒಂದಿಷ್ಟು ನಿಮಿಷ ಸೇರಿಸಿಟ್ಟಿರುತ್ತವೆ. "ಇವತ್ತು ವಿಮಾನ ಅರ್ಧ ಗಂಟೆ ಮುಂಚೆ ಇಳಿಯಿತು" ಎಂದು ಖುಷಿಪಟ್ಟರೆ, ಆ ಅರ್ಧ ಗಂಟೆಯ ಬಹುಪಾಲು ವೇಳಾಪಟ್ಟಿಯಲ್ಲೇ ಇದ್ದದ್ದು.

ಎರಡು ಕಂಪನಿಗಳ ಗಂಟೆ ಹೋಲಿಸುವಾಗ ಇದು ನೆನಪಿರಲಿ. ಹದಿನೈದು ಇಪ್ಪತ್ತು ನಿಮಿಷದ ವ್ಯತ್ಯಾಸಕ್ಕೆ ಅರ್ಥವಿಲ್ಲ. ಒಂದು ಗಂಟೆ ಮೀರಿದರೆ ಮಾತ್ರ ದಾರಿಯೇ ಬೇರೆ ಇದೆಯೇ, ನಡುವೆ ಎಲ್ಲಾದರೂ ನಿಲ್ಲುತ್ತದೆಯೇ ಎಂದು ನೋಡಬೇಕು. ಒಂದೇ ನಂಬರಿನ ವಿಮಾನ ನಡುವೆ ಇಳಿದು ಏರುವುದೂ ಇದೆ. ಟಿಕೆಟಿನಲ್ಲಿ ನಿಲುಗಡೆಯ ಜಾಗದಲ್ಲಿ ಸೊನ್ನೆ ಇದೆಯೇ ಎಂದು ಕಣ್ಣಾಡಿಸಿ.

5. ಕಳೆಯುವ ಮೊದಲು ಎರಡೂ ಗಡಿಯಾರ ಒಂದು ಮಾಡಿ

ಟಿಕೆಟಿನಲ್ಲಿ ಹೊರಡುವ ಸಮಯ ಹೊರಡುವ ಊರಿನದು, ತಲುಪುವ ಸಮಯ ತಲುಪುವ ಊರಿನದು. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದಿದೆ. ಬೆಂಗಳೂರಿನಿಂದ ರಾತ್ರಿ 8ಕ್ಕೆ ಹೊರಟು ಎಂಟು ಗಂಟೆ ಹಾರಿದರೆ ಟೋಕಿಯೊದಲ್ಲಿ ಬೆಳಗಿನ 7.30. ಎರಡನ್ನೂ ಹಾಗೇ ಕಳೆದರೆ ಹನ್ನೊಂದೂವರೆ ಗಂಟೆ ಬರುತ್ತದೆ, "ಇಷ್ಟು ಹೊತ್ತು ಕೂರಬೇಕಾ?" ಎಂದು ಹೆದರುತ್ತಾರೆ. ವಾಪಸ್ ಬರುವಾಗ ಸಂಜೆ 6ಕ್ಕೆ ಹೊರಟು ಹತ್ತು ಗಂಟೆ ಹಾರಿದರೆ ಬೆಂಗಳೂರಿನಲ್ಲಿ ರಾತ್ರಿ 12.30. ಹಾಗೇ ಕಳೆದರೆ ಆರೂವರೆ; "ಬರುವಾಗ ಬೇಗ" ಎಂದು ಖುಷಿಪಡುತ್ತಾರೆ. ಎರಡೂ ತಿರುಗುಮುರುಗು.

ಸುಲಭದ ದಾರಿ: ಎರಡೂ ಸಮಯವನ್ನು ನಮ್ಮ ಗಡಿಯಾರಕ್ಕೆ ತಂದು ಆಮೇಲೆ ಕಳೆಯಿರಿ. ನಡುವೆ ಇಳಿಯುವ ಊರಿಗೂ ಹೀಗೇ ಮಾಡಿ. ಬ್ಯಾಂಕಾಕ್ ನಮಗಿಂತ ಒಂದೂವರೆ ಗಂಟೆ ಮುಂದೆ. ಸಿಂಗಪುರ, ಹಾಂಗ್‌ಕಾಂಗ್ ಎರಡೂವರೆ. ಜಪಾನಿನಲ್ಲಿ ಬೇಸಿಗೆಗೆ ಗಡಿಯಾರ ಮುಂದೆ ತಿರುಗಿಸುವ ಪದ್ಧತಿ ಇಲ್ಲದಿರುವುದರಿಂದ ಮೂರೂವರೆ ಗಂಟೆಯ ಅಂತರ ವರ್ಷವಿಡೀ ಬದಲಾಗದು.

6. ಮಧ್ಯರಾತ್ರಿಯ ವಿಮಾನದ ತಾರೀಕನ್ನು ಬಾಯಿಬಿಟ್ಟು ಹೇಳಿ

ಬೆಂಗಳೂರಿನಿಂದ ಪೂರ್ವಕ್ಕೆ ಹೋಗುವ ಎಷ್ಟೋ ವಿಮಾನಗಳು ನಡುರಾತ್ರಿ ದಾಟಿದ ಮೇಲೆ ಹೊರಡುತ್ತವೆ. ಟಿಕೆಟಿನಲ್ಲಿ "15ನೇ ತಾರೀಕು, 00.20" ಎಂದಿದ್ದರೆ ನೀವು ಮನೆ ಬಿಡಬೇಕಾದದ್ದು 14ರ ಸಂಜೆ. ನಮ್ಮ ರೂಢಿಯಲ್ಲಿ ಬೆಳಕು ಹರಿಯುವವರೆಗೆ ಹಿಂದಿನ ದಿನವೇ. ಹಾಗಾಗಿ 15ರ ರಾತ್ರಿ ಊಟ ಮುಗಿಸಿ, ಹಣೆಗೆ ಕುಂಕುಮ ಇಟ್ಟುಕೊಂಡು, ಮನೆಮಂದಿಯೆಲ್ಲ ಕಳಿಸಿಕೊಡಲು ಬಂದು ಏರ್‌ಪೋರ್ಟಿನ ಬಾಗಿಲಲ್ಲಿ ನಿಂತವರಿದ್ದಾರೆ. ವಿಮಾನ ಹೋಗಿ ಇಡೀ ಒಂದು ದಿನವಾಗಿರುತ್ತದೆ.

ಟಿಕೆಟ್ ಕಳಿಸಿದ ಮೇಲೆ ಫೋನ್ ಮಾಡಿ ವಾರದ ಹೆಸರು ಸೇರಿಸಿ ಹೇಳುವುದು ನನ್ನ ಅಭ್ಯಾಸ: "ಅಮ್ಮಾ, ನೀವು ಮನೆ ಬಿಡೋದು ಮಂಗಳವಾರ ಸಂಜೆ. ವಿಮಾನ ಹೊರಡೋದು ಮಂಗಳವಾರ ರಾತ್ರಿ ಕಳೆದು, ಬುಧವಾರ ಹುಟ್ಟಿದ ಕೂಡಲೇ." ರಜೆ ಹಾಕುವಾಗ, ಟ್ಯಾಕ್ಸಿಗೆ ಹೇಳುವಾಗ, ಟೋಕಿಯೊದಲ್ಲಿ ಹೋಟೆಲ್ ಕಾದಿರಿಸುವಾಗಲೂ ಇದೇ ತಾರೀಕು ತಪ್ಪುತ್ತದೆ. ತಲುಪುವ ಸಮಯದ ಪಕ್ಕ "+1" ಎಂದಿದ್ದರೆ ಮಾರನೆಯ ದಿನ ಎಂದರ್ಥ.

7. ನಡುವೆ ಇಳಿಯುವ ಊರು ದಾರದ ಹತ್ತಿರ ಇದೆಯೇ ನೋಡಿ

ನೇರ ವಿಮಾನ ತೀರಾ ಈಚಿನ ಸೌಕರ್ಯ. ಜಮ್‌ಷೆಟ್‌ಜಿ ಟಾಟಾ ಅವರ ಒತ್ತಾಸೆಯಿಂದ ಜಪಾನಿನ ನಿಪ್ಪೋನ್ ಯೂಸೆನ್ ಕೈಶಾ ಕಂಪನಿ ಮುಂಬಯಿ–ಕೋಬೆ ಹಡಗು ಶುರುಮಾಡಿದ್ದು 1893ರಲ್ಲಿ. ವಿಶ್ವೇಶ್ವರಯ್ಯನವರು ಜಪಾನ್ ನೋಡಿಬಂದದ್ದು 1898ರಲ್ಲಿ, ವಿಮಾನವೇ ಇಲ್ಲದ ಕಾಲದಲ್ಲಿ. ಏರ್ ಇಂಡಿಯಾ ಟೋಕಿಯೊಗೆ ಹಾರಲು ತೊಡಗಿದ್ದು 1955ರಲ್ಲಿ, ದಾರಿಯಲ್ಲಿ ಇಳಿಯುತ್ತ ಏರುತ್ತ. ಬೆಂಗಳೂರಿನಿಂದ ಟೋಕಿಯೊದ ನರಿತಾಕ್ಕೆ ಜಪಾನ್ ಏರ್‌ಲೈನ್ಸಿನ ನೇರ ವಿಮಾನ ಬಂದದ್ದು 2021ರಲ್ಲಿ. ನೇರ ವಿಮಾನದಲ್ಲಿ ಸೀಟು ಸಿಗದ, ಅಥವಾ ದುಬಾರಿಯಾದ ದಿನ ಇಂದಿಗೂ ನಡುವೆ ಒಂದು ಊರಿನಲ್ಲಿ ಇಳಿಯಲೇಬೇಕು.

ಆಗ ಒಂದನೆಯ ಪಾಠದ ದಾರ ಉಪಯೋಗಕ್ಕೆ ಬರುತ್ತದೆ. ನರಿತಾಕ್ಕೆ ಹೋಗುವ ಒಟ್ಟು ದೂರಗಳನ್ನು ನೋಡಿ:

ಹಾಂಗ್‌ಕಾಂಗ್ ಮೂಲಕ: 3,955 + 2,960, ಸುಮಾರು 6,900 ಕಿ.ಮೀ.
ಬ್ಯಾಂಕಾಕ್ ಮೂಲಕ: 2,490 + 4,650, ಸುಮಾರು 7,150 ಕಿ.ಮೀ.
ದೆಹಲಿ ಮೂಲಕ: 1,700 + 5,900, ಸುಮಾರು 7,600 ಕಿ.ಮೀ.
ಸಿಂಗಪುರ ಮೂಲಕ: 3,180 + 5,360, ಸುಮಾರು 8,550 ಕಿ.ಮೀ.

ಹಾಂಗ್‌ಕಾಂಗಿನಲ್ಲಿ ಇಳಿದು ಹೋದರೆ ದೂರ ಹೆಚ್ಚುವುದು ಇನ್ನೂರು ಚಿಲ್ಲರೆ ಕಿ.ಮೀ. ಮಾತ್ರ. ಸಿಂಗಪುರ ಭೂಮಧ್ಯರೇಖೆಯ ಹತ್ತಿರ ಇದೆ. ಅಲ್ಲಿಯವರೆಗೆ ದಕ್ಷಿಣಕ್ಕಿಳಿದು ಮತ್ತೆ ಉತ್ತರಕ್ಕೇರಬೇಕು. ಸಾವಿರದ ಎಂಟುನೂರು ಕಿ.ಮೀ. ಸುತ್ತು ಎಂದರೆ ಗಾಳಿಯಲ್ಲೇ ಎರಡು ಗಂಟೆ ಹೆಚ್ಚು. ಹಾಗೆಂದು ಸಿಂಗಪುರ ಬೇಡ ಎಂದಲ್ಲ. ವಿಮಾನಗಳು ಹೆಚ್ಚು, ಕೊಂಡಿ (ಮುಂದಿನ ವಿಮಾನ ಹಿಡಿಯುವುದು) ಸುಲಭ, ನಡೆಯಲಾರದ ಹಿರಿಯರಿಗೂ ಅನುಕೂಲ. ಆದರೆ ಎರಡು ದಾರಿಗಳ ಬೆಲೆ ಸಮನಾಗಿದ್ದರೆ ದಾರಕ್ಕೆ ಹತ್ತಿರದ ಊರನ್ನೇ ಆರಿಸಿ. ಬೆಲೆ ಕಡಿಮೆ ಎಂದು ಕೊಲ್ಲಿ ದೇಶಗಳ ಕಡೆ, ಅಂದರೆ ಪಶ್ಚಿಮಕ್ಕೆ ಹೋಗಿ ಪೂರ್ವಕ್ಕೆ ತಿರುಗುವ ಟಿಕೆಟ್ ಕಂಡರೆ ನೋಡುವುದನ್ನೇ ಬಿಡಿ.

8. ಕೊಂಡಿಯ ಸಮಯವನ್ನು ಕಂಪ್ಯೂಟರಿಗೆ ಬಿಡಬೇಡಿ

ಒಂದು ವಿಮಾನದಿಂದ ಇಳಿದು ಇನ್ನೊಂದನ್ನು ಹತ್ತಲು ಕನಿಷ್ಠ ಇಷ್ಟು ನಿಮಿಷ ಬೇಕು ಎಂಬ ಲೆಕ್ಕ ಪ್ರತಿ ವಿಮಾನ ನಿಲ್ದಾಣಕ್ಕೂ ಇದೆ. ಒಂದು ಗಂಟೆ ಸಾಕು ಎಂದಿದ್ದರೆ ಕಂಪ್ಯೂಟರ್ ಒಂದು ಗಂಟೆ ಐದು ನಿಮಿಷದ ಕೊಂಡಿಯನ್ನು ಸಂಕೋಚವಿಲ್ಲದೆ ಮಾರುತ್ತದೆ. ಒಂಟಿಯಾಗಿ ಓಡಬಲ್ಲ ಯುವಕನಿಗೆ ಅದು ಸರಿ. ಮೊಣಕಾಲು ನೋವಿನ ತಾಯಿಗೆ, ಕೈಮಗುವಿರುವ ದಂಪತಿಗೆ ನಾನು ಎರಡೂವರೆ ಗಂಟೆಗಿಂತ ಕಡಿಮೆ ಹಾಕುವುದಿಲ್ಲ. ಎರಡನೆಯ ವಿಮಾನ ಆ ದಿನದ ಕೊನೆಯದಾಗಿದ್ದರೆ ಇನ್ನೂ ಹೆಚ್ಚು. ಅದು ತಪ್ಪಿದರೆ ರಾತ್ರಿ ಅಲ್ಲೇ.

ಇದಕ್ಕಿಂತ ದೊಡ್ಡದು, ಎರಡೂ ವಿಮಾನ ಒಂದೇ ಪಿಎನ್‌ಆರ್‌ನಲ್ಲಿ ಇರಬೇಕು ಎಂಬುದು. ಹಾಗಿದ್ದರೆ ಮೊದಲ ವಿಮಾನ ತಡವಾಗಿ ಕೊಂಡಿ ತಪ್ಪಿದಾಗ ಮುಂದಿನ ವಿಮಾನಕ್ಕೆ ಹತ್ತಿಸುವ ಹೊಣೆ ಕಂಪನಿಯದು. ಎರಡು ಅಗ್ಗದ ಟಿಕೆಟ್ ಬೇರೆಬೇರೆಯಾಗಿ ಕೊಂಡು ಜೋಡಿಸಿದರೆ ಎರಡನೆಯ ಕಂಪನಿಯ ದೃಷ್ಟಿಯಲ್ಲಿ ನೀವು ಬಾರದ ಪ್ರಯಾಣಿಕ. ಟಿಕೆಟಿನ ದುಡ್ಡೂ ಹೋದಂತೆ. ಸಾಮಾನು ಪಡೆಯಲು ಆ ದೇಶದೊಳಗೆ ಹೋಗಿ ಹೊರಬರಬೇಕಾದರೆ ವೀಸಾದ ಪ್ರಶ್ನೆಯೂ ಏಳುತ್ತದೆ. ದೆಹಲಿ ಮೂಲಕ ವಾಪಸಾಗುವವರು ಮೊದಲು ಇಳಿಯುವ ದೆಹಲಿಯಲ್ಲೇ ಇಮಿಗ್ರೇಷನ್, ಕಸ್ಟಮ್ಸ್ ಮುಗಿಸಿ, ಸಾಮಾನನ್ನು ಮತ್ತೆ ಕೊಟ್ಟು, ಒಳನಾಡಿನ ವಿಮಾನ ಹತ್ತಬೇಕೆಂಬುದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಕು.

ಋತುವನ್ನೂ ನೋಡಿ. ಡಿಸೆಂಬರ್, ಜನವರಿಯಲ್ಲಿ ದೆಹಲಿಯ ಮಂಜು; ಮಳೆಗಾಲದ ಕೊನೆಯ ತಿಂಗಳುಗಳಲ್ಲಿ ಹಾಂಗ್‌ಕಾಂಗಿಗೂ ಜಪಾನಿಗೂ ಟೈಫೂನ್; ಚಳಿಗಾಲದ ನಸುಕಿನಲ್ಲಿ ನಮ್ಮ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲೂ ಮಂಜು. ಜನವರಿಯ ಮುಂಜಾನೆ ಹೊರಡುವ ವಿಮಾನಕ್ಕೆ ಬಿಗಿ ಕೊಂಡಿ ಹಾಕುವುದು ಜೂಜು.

9. ವಿಮಾನ ಇಳಿಯುವುದು ನಿಲ್ದಾಣಕ್ಕೆ, ನಿಮ್ಮ ಕೆಲಸದ ಊರಿಗಲ್ಲ

ಟೋಕಿಯೊಗೆ ಎರಡು ವಿಮಾನ ನಿಲ್ದಾಣ. ನರಿತಾ ಇರುವುದು ಪಕ್ಕದ ಚಿಬಾ ಪ್ರಾಂತ್ಯದಲ್ಲಿ, ನಗರದ ನಡುವಿನಿಂದ ಸುಮಾರು 60 ಕಿ.ಮೀ. ದೂರ. ಹನೇದಾ ನಗರದ ಅಂಚಿನಲ್ಲೇ, ಸುಮಾರು 15 ಕಿ.ಮೀ. ನರಿತಾದಿಂದ ಸ್ಕೈಲೈನರ್ ರೈಲು ನಿಪ್ಪೊರಿ ನಿಲ್ದಾಣವನ್ನು ನಲವತ್ತು ನಿಮಿಷದೊಳಗೆ ಮುಟ್ಟಿಸುತ್ತದೆ. ನರಿತಾ ಎಕ್ಸ್‌ಪ್ರೆಸ್ ಟೋಕಿಯೊ ಸ್ಟೇಷನ್‌ಗೆ ಒಂದು ಗಂಟೆ. ನರಿತಾದಲ್ಲಿ ಇಳಿದು ಹನೇದಾದಿಂದ ಒಳನಾಡಿನ ವಿಮಾನ ಹಿಡಿಯುವ ಟಿಕೆಟುಗಳೂ ಸಿಗುತ್ತವೆ. ಎರಡರ ನಡುವೆ ಬಸ್ಸಿನಲ್ಲೇ ಒಂದು ಗಂಟೆಯ ಮೇಲೆ ಬೇಕು. ಇಮಿಗ್ರೇಷನ್, ಸಾಮಾನು ಸೇರಿದರೆ ನಾಲ್ಕು ಗಂಟೆ ಬಿಡದೆ ನಾನು ಒಪ್ಪುವುದಿಲ್ಲ. ನರಿತಾದಲ್ಲಿ ರಾತ್ರಿ 12.30ರಿಂದ ಬೆಳಗಿನ 6ರವರೆಗೆ ವಿಮಾನಗಳ ಓಡಾಟವಿಲ್ಲ, ಟೋಕಿಯೊದ ರೈಲುಗಳೂ ನಡುರಾತ್ರಿಯ ಸುಮಾರಿಗೆ ನಿಲ್ಲುತ್ತವೆ. ತಡರಾತ್ರಿ ಇಳಿಯುವ ಟಿಕೆಟ್ ಅಗ್ಗವಾಗಿದ್ದರೂ ಟ್ಯಾಕ್ಸಿಯ ಮೀಟರ್ ಆ ಉಳಿತಾಯವನ್ನು ನುಂಗುತ್ತದೆ.

ಬಿಡದಿಯಿಂದ ಟೊಯೋಟಾದ ಕೆಲಸಕ್ಕೆ ಹೊರಟವರ ವಿಷಯ ಇನ್ನೂ ಬೇರೆ. ಅವರು ಹೋಗಬೇಕಾದದ್ದು ಐಚಿ ಪ್ರಾಂತ್ಯಕ್ಕೆ, ನಗೋಯಾದ ಪಕ್ಕಕ್ಕೆ. ನರಿತಾಕ್ಕೆ ನೇರ ವಿಮಾನ ಎಂದು ಹತ್ತಿದರೆ, ಇಳಿದು, ರೈಲಿನಲ್ಲಿ ಟೋಕಿಯೊಗೆ ಬಂದು, ಶಿಂಕಾನ್ಸೆನ್ ಹಿಡಿದು ಮತ್ತೆ ಒಂದು ಗಂಟೆ ನಲವತ್ತು ನಿಮಿಷ ಪ್ರಯಾಣಿಸಬೇಕು. ಕೊಂಡಿ ಚೆನ್ನಾಗಿ ಕೂಡಿಬಂದ ದಿನ, ನಡುವೆ ಒಂದು ಊರಿನಲ್ಲಿ ಇಳಿದು ನಗೋಯಾಕ್ಕೇ ಹೋಗುವ ವಿಮಾನವೇ ಮೇಲು: ದೊಡ್ಡ ಸೂಟ್‌ಕೇಸ್ ಹೊತ್ತು ಮೆಟ್ಟಿಲು ಹತ್ತಿಳಿಯುವುದು ತಪ್ಪುತ್ತದೆ. ಹಾಗಾಗಿ ಗಿರಾಕಿ "ಟೋಕಿಯೊ" ಎಂದಾಗ "ಟೋಕಿಯೊದಲ್ಲಿ ಎಲ್ಲಿಗೆ?" ಎಂಬುದು ನನ್ನ ಮೊದಲ ಮರುಪ್ರಶ್ನೆ.

ನಮ್ಮ ಕಡೆಯ ತುದಿಯೂ ಹಾಗೇ. ಬನಶಂಕರಿಯಿಂದ ದೇವನಹಳ್ಳಿಗೆ ಸಂಜೆಯ ಟ್ರಾಫಿಕ್‌ನಲ್ಲಿ ಎರಡು ಗಂಟೆ, ನಿಲ್ದಾಣದಲ್ಲಿ ಮೂರು ಗಂಟೆ, ಆ ಕಡೆ ಇಮಿಗ್ರೇಷನ್ ಮತ್ತು ಸಾಮಾನಿಗೆ ಒಂದು, ನಗರಕ್ಕೆ ಒಂದೂವರೆ. ಎಂಟು ಗಂಟೆಯ ಹಾರಾಟಕ್ಕೆ ಏಳೂವರೆ ಗಂಟೆ ನೆಲದ ಮೇಲೇ ಹೋಯಿತು. ಇದರಲ್ಲಿ ಕಡಿಮೆ ಮಾಡಬಹುದಾದದ್ದು ನೆಲದ ಪಾಲು: ಇಮಿಗ್ರೇಷನ್, ಕಸ್ಟಮ್ಸ್ ಜಾಲತಾಣವಾದ ವಿಸಿಟ್ ಜಪಾನ್ ವೆಬ್‌ನಲ್ಲಿ ವಿವರಗಳನ್ನು ಮೊದಲೇ ತುಂಬಿಟ್ಟುಕೊಳ್ಳಿ, ಬಾಣಂತಿಗೆಂದು ಹಸಿ ಕರಿಬೇವು, ತರಕಾರಿ ಕಟ್ಟಿಕೊಂಡು ಹೋಗಿ ತಪಾಸಣೆಯ ಸಾಲಿನಲ್ಲಿ ಸಿಕ್ಕಿಕೊಳ್ಳಬೇಡಿ.

10. ಉಳಿಸಿದ ದುಡ್ಡನ್ನು ಕಳೆದ ಗಂಟೆಯಿಂದ ಭಾಗಿಸಿ

ನೇರ ವಿಮಾನ ಬೇಕೋ, ಇಳಿದು ಹೋಗುವುದೋ ಎಂಬ ಚರ್ಚೆ ಮನೆಯೊಳಗೆ ಬಹಳ ನಡೆಯುತ್ತದೆ. ಅದಕ್ಕೆ ನನ್ನಲ್ಲಿ ಸರಳವಾದ ಭಾಗಾಕಾರ ಇದೆ. ಇಳಿದು ಹೋಗುವ ಟಿಕೆಟ್‌ನಿಂದ ಹೋಗಿಬರಲು 15,000 ರೂಪಾಯಿ ಉಳಿಯುತ್ತದೆ, ಒಂದು ಕಡೆಗೆ ಆರು ಗಂಟೆಯಂತೆ ಹನ್ನೆರಡು ಗಂಟೆ ಹೆಚ್ಚಾಗುತ್ತದೆ ಎಂದುಕೊಳ್ಳಿ. ಗಂಟೆಗೆ 1,250 ರೂಪಾಯಿ. ಒಬ್ಬನೇ ಹೋಗುವ ವಿದ್ಯಾರ್ಥಿಗೆ ಅದು ಒಳ್ಳೆಯ ಸಂಪಾದನೆ. ನಾಲ್ಕು ದಿನದ ರಜೆಯಲ್ಲಿ ಹೋಗುವವರಿಗೆ ರಜೆಯ ಅರ್ಧ ದಿನ ಮಾರಿದಂತೆ. ನಾಲ್ಕು ಜನರ ಕುಟುಂಬಕ್ಕೆ ಉಳಿತಾಯ 60,000. ಆಗ ಎಷ್ಟೋ ಮಂದಿ ಸಂತೋಷದಿಂದ ಇಳಿದು ಹೋಗುತ್ತಾರೆ.

ಬೆಲೆಯನ್ನು ನಿರ್ಧರಿಸುವುದು ದೂರವಲ್ಲ, ತಾರೀಕು. ಮಾರ್ಚ್ ಕೊನೆ, ಏಪ್ರಿಲ್ ಮೊದಲಿನ ಚೆರ್ರಿ ಹೂವಿನ ಕಾಲ, ಏಪ್ರಿಲ್ 29ರಿಂದ ಮೇ 5ರ ಸುತ್ತಿನ ಜಪಾನೀಯರ ಗೋಲ್ಡನ್ ವೀಕ್, ಆಗಸ್ಟ್ ನಡುವಿನ ಓಬೊನ್ ಹಬ್ಬ, ವರ್ಷದ ಕೊನೆ: ಇವು ದುಬಾರಿಯ ದಿನಗಳು. ನಮ್ಮ ಶಾಲೆಗಳ ಬೇಸಿಗೆ ರಜೆ ಮೊದಲ ಎರಡರ ಜೊತೆಗೇ ಬರುತ್ತದೆ. ಒಂದು ವಾರ ಆಚೀಚೆ ಸರಿದರೆ ಅದೇ ಸೀಟು ಎಷ್ಟೋ ಅಗ್ಗ.

11. ಮೊದಲ ದಿನದ ಮೊದಲ ಕೆಲಸವನ್ನು ಮಧ್ಯಾಹ್ನಕ್ಕೆ ಇಡಿ

ರಾತ್ರಿಯ ವಿಮಾನ ಬೆಳಗ್ಗೆ 7.30ಕ್ಕೆ ಇಳಿಯುತ್ತದೆ ಎಂದು ನೋಡಿ 10 ಗಂಟೆಗೆ ಮೀಟಿಂಗ್ ಇಡುವ ಮೇಲಧಿಕಾರಿಗಳಿದ್ದಾರೆ. ಎಂಟು ಗಂಟೆಯ ಹಾರಾಟದಲ್ಲಿ ಮೊದಲ ಒಂದೂವರೆ ಗಂಟೆ ಊಟಕ್ಕೆ, ಕೊನೆಯ ಒಂದೂವರೆ ತಿಂಡಿಗೆ ಮತ್ತು ಇಳಿಯುವುದಕ್ಕೆ. ನಿದ್ದೆಗೆ ಉಳಿಯುವುದು ಐದು. ಜಪಾನಿನ ಗಡಿಯಾರದಲ್ಲಿ ಆರು ಗಂಟೆಗೆ ದೀಪ ಹಾಕಿ ತಿಂಡಿ ಕೊಟ್ಟಾಗ ನಮ್ಮ ದೇಹಕ್ಕೆ ಇನ್ನೂ ರಾತ್ರಿ ಎರಡೂವರೆ. ಪೂರ್ವಕ್ಕೆ ಹೋದಾಗ ಹೊಂದಿಕೊಳ್ಳುವುದು ಪಶ್ಚಿಮಕ್ಕೆ ಹೋದಾಗಿನದಕ್ಕಿಂತ ಕಷ್ಟ. ದಿನಕ್ಕೆ ಸುಮಾರು ಒಂದು ಗಂಟೆಯಂತೆ ದೇಹ ಹೊಸ ಸಮಯಕ್ಕೆ ಒಗ್ಗುತ್ತದೆ ಎನ್ನುತ್ತಾರೆ. ಹೊರಡುವ ಎರಡು ಮೂರು ದಿನ ಮುಂಚಿನಿಂದ ಬೇಗ ಮಲಗಿ ಬೇಗ ಎದ್ದರೆ ಅರ್ಧ ದಾರಿ ಮನೆಯಲ್ಲೇ ಕ್ರಮಿಸಿದಂತೆ. ಇನ್ಸುಲಿನ್ ತೆಗೆದುಕೊಳ್ಳುವವರು ಗಂಟೆ ಬದಲಾಗುವ ಬಗ್ಗೆ ವೈದ್ಯರನ್ನು ಮೊದಲೇ ಕೇಳಬೇಕು.

ಜಪಾನಿನ ಹೋಟೆಲುಗಳು ಕೋಣೆ ಕೊಡುವುದು ಸಾಮಾನ್ಯವಾಗಿ ಮಧ್ಯಾಹ್ನ 3ಕ್ಕೆ. ಹಿರಿಯರಿದ್ದರೆ ಹಿಂದಿನ ರಾತ್ರಿಯಿಂದಲೇ ಕೋಣೆ ಹಿಡಿಯಿರಿ. ಇಲ್ಲವಾದರೆ ಸಾಮಾನನ್ನು ಅಲ್ಲಿಟ್ಟು ಬಿಸಿಲಲ್ಲಿ ಓಡಾಡಿ. ಬೆಳಕು ಕಣ್ಣಿಗೆ ಬಿದ್ದಷ್ಟೂ ದೇಹ ಬೇಗ ಹೊಂದುತ್ತದೆ. ಸಸ್ಯಾಹಾರಿಗಳಿಗೆ ಒಂದು ಮಾತು: ವಿಮಾನದ ಪಟ್ಟಿಯಲ್ಲಿ "ಹಿಂದೂ ಮೀಲ್" ಎಂದಿರುವುದರಲ್ಲಿ ಮಾಂಸ ಇರುತ್ತದೆ. "ಏಷ್ಯನ್ ವೆಜಿಟೇರಿಯನ್" ಅಥವಾ "ಜೈನ್" ಎಂದೇ ಮೊದಲೇ ಹೇಳಿಸಬೇಕು, ಇಲ್ಲವೆಂದರೆ ಆ ರಾತ್ರಿಯೆಲ್ಲ ಬ್ರೆಡ್ಡೇ ಗತಿ.

12. ಗಂಟೆ ಹೇಳುವ ಮೊದಲು ನಾಲ್ಕು ಪ್ರಶ್ನೆ ಕೇಳಿ

ಇಷ್ಟೆಲ್ಲ ತಿಳಿದ ಮೇಲೆ ನಾನು ಪಾಲಿಸುವ ಕ್ರಮ ಇದು. "ಎಷ್ಟು ಗಂಟೆ ಸಾರ್?" ಎಂದವರಿಗೆ ಸಂಖ್ಯೆ ಹೇಳುವುದಿಲ್ಲ, ಕೇಳುತ್ತೇನೆ. ನೀವು ಮುಟ್ಟಬೇಕಾದ ಕೊನೆಯ ವಿಳಾಸ ಯಾವುದು? ಅಲ್ಲಿ ಯಾವ ದಿನ, ಎಷ್ಟು ಗಂಟೆಗೆ ಕೆಲಸಕ್ಕೆ ಸಿದ್ಧರಿರಬೇಕು? ಜೊತೆಗೆ ಯಾರಿದ್ದಾರೆ, ಅವರು ಎಷ್ಟು ನಡೆಯಬಲ್ಲರು? ವಾಪಸ್ ಬಂದ ಮಾರನೆಯ ಬೆಳಗ್ಗೆ ನಿಮಗೇನು ಕೆಲಸವಿದೆ?

ಕೊನೆಯ ಪ್ರಶ್ನೆಯನ್ನು ಜನ ಮರೆಯುವುದೇ ಹೆಚ್ಚು. ಎದುರುಗಾಳಿಯ ಹತ್ತು ಗಂಟೆ ಕಳೆದು ರಾತ್ರಿ ಹನ್ನೆರಡೂವರೆಗೆ ದೇವನಹಳ್ಳಿಯಲ್ಲಿ ಇಳಿದವರು ಮನೆ ಸೇರುವಾಗ ಮೂರು ಗಂಟೆ. ಅವರ ದೇಹಕ್ಕೆ ಆಗ ಬೆಳಗಿನ ಆರೂವರೆ, ನಿದ್ದೆ ಬರುವ ಹೊತ್ತಲ್ಲ. ಒಂಬತ್ತಕ್ಕೆ ಆಫೀಸು ಎಂದರೆ ಆ ವಾರವೇ ಹಾಳು. ಒಂದು ದಿನ ಮುಂಚೆ ವಾಪಸ್ ಬಂದರೆ ಟಿಕೆಟಿಗೆ ಅಷ್ಟೇ ದುಡ್ಡು, ಕೆಲವೊಮ್ಮೆ ಕಡಿಮೆ. ಈ ನಾಲ್ಕಕ್ಕೆ ಉತ್ತರ ಸಿಕ್ಕಮೇಲೆ ನರಿತಾವೋ ಹನೇದಾವೋ ನಗೋಯಾವೋ, ನೇರವೋ ಹಾಂಗ್‌ಕಾಂಗ್ ಮೂಲಕವೋ ಎಂಬುದು ತಾನಾಗಿ ನಿರ್ಧಾರವಾಗುತ್ತದೆ. ಆಮೇಲೆ ಸರಿಯಾದ ಟಿಕೆಟ್ ಹುಡುಕಲು ಹತ್ತು ನಿಮಿಷ ಸಾಕು.